ಬಿಲ್ ಬೇಕಾ, ಬೇಡ್ವಾ?

ದಸರಾ ಹತ್ತಿರ ಬಂತು ಅಂದ್ರೆ ಮೈಸೂರಿನ ಫೋಟೋಗ್ರಫಿ ವಾಟ್ಸಾಪ್ ಗ್ರೂಪುಗಳಲ್ಲಿ ಇದು ಶುರು. ಇವತ್ತು ಬೆಳಿಗ್ಗೆಯೂ ಅದೇ ಮೆಸೇಜು: "ಫುಲ್ ಫ್ರೇಮ್ ಬಾಡಿ, ಸೀಲ್ಡ್ ಪೀಸ್, ದುಬೈ ಮಾಲು, ವಿತ್ ಬಿಲ್ ಒಂದು ರೇಟು, ವಿದೌಟ್ ಬಿಲ್ ಒಂದು ರೇಟು, ಇಂಟರ್‌ನ್ಯಾಷನಲ್ ವಾರಂಟಿ, ಅಡ್ವಾನ್ಸ್ ಹಾಕಿದವರಿಗೆ ಮೊದಲು." ಕೆಳಗೆ ಸಾಲುಗಟ್ಟಿ ಹೆಬ್ಬೆರಳು. "ನಂಗೊಂದು ಎತ್ತಿಟ್ಟಿರಣ್ಣೋ" ಅಂತ ಮಂಡ್ಯದ ಹುಡುಗರು. ಬಿಲ್ ಯಾವ ಥರದ್ದು ಅಂತ ಕೇಳಿದ ಒಬ್ಬನೇ ಒಬ್ಬನಿಗೆ ಸಿಕ್ಕ ಉತ್ತರ: "ಬಿಲ್ ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯ ಗುರು?"

ಉಪ್ಪಿನಕಾಯಿ ಹಾಕೋಕಲ್ಲ ಸ್ವಾಮಿ, ಲೆಕ್ಕ ಹಾಕೋಕೆ.

ಒಂದು ಬಾಡಿ, ಅಂದ್ರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಅದರ ಬೆಲೆ 2,36,000 ಅಂತ ಇಟ್ಕೊಳ್ಳಿ. ಅದರಲ್ಲಿ ಮಾಲಿನ ಬೆಲೆ 2,00,000, ಜಿಎಸ್‌ಟಿ 36,000. ಡಿಜಿಟಲ್ ಕ್ಯಾಮೆರಾದ ತೆರಿಗೆ 2019ರ ಜನವರಿಯಲ್ಲೇ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಇದು ಆ 18ರ ಲೆಕ್ಕ. ಗ್ರೂಪಿನ ಅಣ್ಣ ಅದೇ ಬಾಡೀನ ಬಿಲ್ ಇಲ್ಲದೆ 2,05,000ಕ್ಕೆ ಕೊಡ್ತಾನೆ. 31,000 ಉಳೀತು ಅಂತ ನೀವು ಕುಣಿದಾಡ್ತೀರಿ. ನಿಮ್ಮ ಸ್ಟುಡಿಯೋ ಜಿಎಸ್‌ಟಿ ರೆಗ್ಯುಲರ್ ಸ್ಕೀಮಿನಲ್ಲಿದ್ದು, ಬಿಲ್ಲಿನ ಮೇಲೆ ನಿಮ್ಮ ನಂಬರ್ ಹಾಕಿಸಿಕೊಂಡಿದ್ದರೆ ಆ 36,000 ಇನ್‌ಪುಟ್ ಕ್ರೆಡಿಟ್ ಆಗಿ ನಿಮಗೇ ಬರ್ತಿತ್ತು. ಮದುವೆ ಆರ್ಡರುಗಳ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟನ್ನೂ ವಜಾ ಮಾಡಿಕೊಳ್ಳಬಹುದಿತ್ತು. ಅಂದ್ರೆ ಬಿಲ್ ಇರೋ ಕ್ಯಾಮೆರಾ 2,00,000ಕ್ಕೆ ಬಿತ್ತು, ಬಿಲ್ ಇಲ್ಲದ್ದು 2,05,000ಕ್ಕೆ. ಐದು ಸಾವಿರ ಜಾಸ್ತಿ ಕೊಟ್ಟು ವಾರಂಟಿ ಇಲ್ಲದ ಮಾಲು ತಂದು, ಮೇಲೆ ಅದಕ್ಕೊಂದು ಪೂಜೆ!

ಜಿಎಸ್‌ಟಿ ಇಲ್ಲದ ಸಣ್ಣ ಸ್ಟುಡಿಯೋದವರ ಮಾತು ಬೇರೆ, ಒಪ್ತೀನಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟದಿದ್ದರೆ ನೋಂದಣಿ ಕಡ್ಡಾಯವೂ ಅಲ್ಲ. ಅವರಿಗೆ ಆ 31,000 ನಿಜವಾಗಿಯೂ ಉಳಿಯುತ್ತೆ, ಏನೂ ಕೆಡದಿದ್ದರೆ. ಏನೂ ಕಳುವಾಗದಿದ್ದರೆ ಅಂತಲೂ ಸೇರಿಸಿಕೊಳ್ಳಿ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆಯ ನೂಕುನುಗ್ಗಲಲ್ಲಿ ಬ್ಯಾಗ್ ಹೋದರೆ ಪೊಲೀಸರು ಕೇಳೋದು ಸೀರಿಯಲ್ ನಂಬರ್ ಮತ್ತು ಬಿಲ್. ಇನ್ಶೂರೆನ್ಸ್‌ನವರು ಕೇಳೋದೂ ಅದನ್ನೇ. ಫ್ಯಾಕ್ಟರಿಗೆ ಕಬ್ಬು ಬಿಟ್ಟು ತೂಕದ ಚೀಟಿ ಇಲ್ಲದೆ ಮನೆಗೆ ಬರದ ನಮ್ಮ ಮಂಡ್ಯದವರು, ಎರಡು ಲಕ್ಷದ ಕ್ಯಾಮೆರಾ ತಗೊಳ್ಳುವಾಗ ಮಾತ್ರ ಚೀಟಿ ಬೇಡ ಅಂತಾರೆ.

ಈ ದುಬೈ ಮಾಲಿಗೆ ಗ್ರೇ ಮಾಲು ಅಂತಾರೆ. ಗ್ರೇ ಅಂದ್ರೆ ಡೂಪ್ಲಿಕೇಟ್ ಅಲ್ಲ, ಇದು ನಿಮಗೆಲ್ಲ ಗೊತ್ತಿರೋದೇ. ಕಂಪನಿಯದೇ ಮಾಲು, ಆದರೆ ಕಂಪನಿಯ ಇಲ್ಲಿನ ಡೀಲರ್ ಮೂಲಕ ಬಂದಿಲ್ಲ. ದುಬೈಯಿಂದಲೋ ಹಾಂಗ್‌ಕಾಂಗಿನಿಂದಲೋ ಬಂದಿದೆ. ಫೋಟೋ ಅಷ್ಟೇ ಚೆನ್ನಾಗಿ ಬರುತ್ತೆ. ಕ್ಯಾಮೆರಾದೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಅಪ್‌ಡೇಟೂ ಆಗುತ್ತೆ. ಪಾಲ್-ಎನ್‌ಟಿಎಸ್‌ಸಿ (ದೇಶಕ್ಕೊಂದು ಥರದ ವಿಡಿಯೋ ಪದ್ಧತಿ) ಅಂತ ಹೆದರಿಸೋರ ಮಾತನ್ನು ಕೇಳಬೇಡಿ, ಈಗಿನ ಬಾಡಿಗಳಲ್ಲಿ ಅದು ಸಾಮಾನ್ಯವಾಗಿ ಮೆನುವಿನಲ್ಲಿ ಬದಲಾಗುತ್ತೆ. ಹೆದರಬೇಕಾದ ಒಂದು ಮಾಲಿದೆ: ಜಪಾನಿನೊಳಗೆ ಮಾರಾಟಕ್ಕೆ ಮಾಡಿದ ಸೋನಿ ಬಾಡಿಗಳು. ಅವುಗಳಲ್ಲಿ ಬಹಳಷ್ಟಕ್ಕೆ ಮೆನು ಜಪಾನಿ ಭಾಷೆಯಲ್ಲಿ ಮಾತ್ರ. "ಆಮೇಲೆ ಸಾಫ್ಟ್‌ವೇರ್ ಹಾಕಿಸ್ಕೊಳ್ಳಿ" ಅಂತ ಮಾರುವವನು ಹೇಳ್ತಾನೆ. ಕಂಪನಿ ಅಂಥ ಸಾಫ್ಟ್‌ವೇರ್ ಕೊಡಲ್ಲ. ಆಟೋಫೋಕಸ್ ಸೆಟ್ಟಿಂಗ್ ಹುಡುಕೋಕೆ ಮೊಬೈಲಿನ ಅನುವಾದದ ಆಪ್ ಹಿಡ್ಕೊಂಡು ಮುಹೂರ್ತ ತೆಗೀರಿ.

ಈಗ ಆ "ಇಂಟರ್‌ನ್ಯಾಷನಲ್ ವಾರಂಟಿ". ಕ್ಯಾನನ್, ನಿಕಾನ್, ಸೋನಿ, ಯಾರದೇ ಆಗಲಿ, ಇಲ್ಲಿನ ವಾರಂಟಿ ಇಲ್ಲಿನ ಅಧಿಕೃತ ಡೀಲರ್ ಮಾರಿದ ಮಾಲಿಗೆ. ಸೀರಿಯಲ್ ನಂಬರ್ ಹಾಕಿ ನೋಡಿದರೆ ಅದು ಯಾವ ದೇಶಕ್ಕೆ ಹೋದ ಮಾಲು ಅಂತ ಅವರಿಗೆ ಗೊತ್ತಾಗುತ್ತೆ. ಅಮೆರಿಕದ ನಿಕಾನ್ ಅಂತೂ ಗ್ರೇ ಮಾಲನ್ನು ದುಡ್ಡು ಕೊಟ್ಟರೂ ರಿಪೇರಿ ಮಾಡಲ್ಲ ಅಂತ ಬಹಿರಂಗವಾಗಿಯೇ ಹೇಳಿದೆ. ಇಲ್ಲಿ ಕೆಲವು ಸರ್ವಿಸ್ ಸೆಂಟರ್‌ಗಳು ದುಡ್ಡು ತಗೊಂಡು ಮಾಡಿಕೊಡಬಹುದು, ಕೊಳ್ಳೋಕೆ ಮುಂಚೆಯೇ ಫೋನ್ ಮಾಡಿ ಕೇಳಿಕೊಳ್ಳಿ. ಕೆಲವರು ಹಾಕುವ "ಸೆಲ್ಲರ್ ವಾರಂಟಿ" ಅಂದ್ರೆ ಅಂಗಡಿಯವನ ಮಾತು. ಅಂಗಡಿ ಮುಚ್ಚಿದರೆ ಮಾತೂ ಮುಚ್ಚಿತು.

"ಹೊರಗಡೆ ರಿಪೇರಿ ಮಾಡಿಸಿದ್ರಾಯ್ತು ಬುಡಿ" ಅನ್ನೋರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಡಿಎಸ್‌ಎಲ್‌ಆರ್ ಕಾಲ ಅಲ್ಲ ಇದು. ಒಳಗೆ ಕನ್ನಡಿ ಇಲ್ಲದ ಈಗಿನ ಮಿರರ್‌ಲೆಸ್ ಬಾಡಿಗಳಲ್ಲಿ ಬಹಳಷ್ಟರಲ್ಲಿ, ಚಿತ್ರ ಹಿಡಿಯುವ ಸೆನ್ಸರ್ ಕೂತಿರೋದೇ ಕೈನಡುಕ ತಡೆಯೋಕೆ ಅಲುಗಾಡುವ ಸ್ಟೆಬಿಲೈಜೇಶನ್ ತೊಟ್ಟಿಲಿನ ಮೇಲೆ. ಅದನ್ನು ಬಿಚ್ಚಿ ಕೂರಿಸಿದ ಮೇಲೆ ಸೆನ್ಸರ್ ಮೌಂಟಿಗೆ (ಲೆನ್ಸ್ ಕೂರುವ ಬಳೆಗೆ) ಸಮನಾಗಿದೆಯಾ ಅಂತ ಅಳೆದು, ಕಂಪನಿಯ ಸರ್ವಿಸ್ ಸಾಫ್ಟ್‌ವೇರಿನಲ್ಲಿ ಹೊಂದಿಸಬೇಕು. ಹೊರಗಿನ ಮೆಕ್ಯಾನಿಕ್ ಕೈಯಲ್ಲಿ ಆ ಸಾಫ್ಟ್‌ವೇರ್ ಇರಲ್ಲ, ಹೊಸ ಪಾರ್ಟೂ ಸುಲಭವಾಗಿ ಸಿಗಲ್ಲ. ಸತ್ತ ಇನ್ನೊಂದು ಬಾಡಿಯಿಂದ ಕಿತ್ತ ಶಟರ್ ಯೂನಿಟ್ಟೇ ಗತಿ. ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳು ನಮ್ಮಲ್ಲೂ ಇದ್ದಾರೆ, ಅವರ ಕೈಚಳಕದ ಬಗ್ಗೆ ನನ್ನ ತಕರಾರಿಲ್ಲ. ಬಾಗಿದ ಕಾರ್ಡ್ ಸ್ಲಾಟಿನ ಪಿನ್ನು, ಎಚ್‌ಡಿಎಂಐ ಪೋರ್ಟು, ಕಿತ್ತುಹೋದ ರಬ್ಬರು, ಇವನ್ನೆಲ್ಲ ಅವರು ಚೆನ್ನಾಗೇ ಮಾಡ್ತಾರೆ. ಮೈನ್ ಬೋರ್ಡ್ ಹೋಯ್ತು ಅಂದ್ರೆ ಮಾತ್ರ ಅವರೂ ಕೈಯೆತ್ತುತ್ತಾರೆ.

ಕಂಪನಿಯದೇ ತಪ್ಪಿನಿಂದ ಬರುವ ದೋಷಗಳೂ ಇವೆ. 2023ರಲ್ಲಿ ನಿಕಾನ್ ಝಡ್ 8 ಬಂದ ಕೆಲವೇ ತಿಂಗಳಲ್ಲಿ ಕೆಲವು ಬಾಡಿಗಳಿಗೆ ಲೆನ್ಸ್ ಸರಿಯಾಗಿ ಕೂರ್ತಿಲ್ಲ, ಕೆಲವದರಲ್ಲಿ ಪಟ್ಟಿ ಹಾಕುವ ಕೊಂಡಿ ಸಡಿಲ ಆಗ್ತಿದೆ ಅಂತ ಕಂಪನಿಯೇ ಸೀರಿಯಲ್ ನಂಬರ್ ನೋಡಿ ಉಚಿತ ರಿಪೇರಿ ಮಾಡಿಕೊಡ್ತು. ದುಬೈ ಮಾಲಿಟ್ಟುಕೊಂಡು ಅಂಥದಕ್ಕೆ ಯಾವ ಕೌಂಟರಿಗೆ ಹೋಗ್ತೀರಿ?

ಪೆಟ್ಟಿಗೆ ನೋಡಿ ಗುರುತು ಹಿಡಿಯೋದು ಕಷ್ಟ ಅಲ್ಲ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದ ಪ್ರಕಾರ ಆಮದಾದ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು-ವಿಳಾಸ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ದೂರು ಕೊಡಬೇಕಾದ ನಂಬರ್ ಇರಲೇಬೇಕು. ಗ್ರೇ ಪೆಟ್ಟಿಗೆಯಲ್ಲಿ ಆ ಬಿಳಿ ಸ್ಟಿಕ್ಕರೇ ಇರಲ್ಲ. "ಸೀಲ್ಡ್" ಅನ್ನೋ ಮಾತಿಗೂ ಬೆಲೆ ಕೊಡಬೇಡಿ. ಎಷ್ಟೋ ಕ್ಯಾಮೆರಾ ಪೆಟ್ಟಿಗೆಗಳು ಫ್ಯಾಕ್ಟರಿಯಿಂದಲೇ ಒಂದು ಸಣ್ಣ ಟೇಪು ಹಾಕಿಕೊಂಡು ಬರ್ತವೆ, ಟೇಪು ಹಾಕೋಕೆ ಯಾರಿಗೆ ಬರಲ್ಲ?

ಟೇಪಿನ ಕೆಳಗೆ ನಡೆಯೋದೇ ನಿಜವಾದ ವ್ಯಾಪಾರ. ಕಿಟ್ ಒಡೀತಾರೆ: ಬಾಡಿ ಒಬ್ಬರಿಗೆ, ಜೊತೆಗಿದ್ದ ಲೆನ್ಸು ಬಿಳಿ ಡಬ್ಬದಲ್ಲಿ ಇನ್ನೊಬ್ಬರಿಗೆ. ಕಂಪನಿ ಬ್ಯಾಟರಿ, ಚಾರ್ಜರ್ ತೆಗೆದಿಟ್ಟುಕೊಂಡು ಅದೇ ಲೋಗೋ ಇರೋ ಡೂಪ್ಲಿಕೇಟ್ ತುಂಬ್ತಾರೆ. ಬಾಡಿ ಅಸಲಿ, ಬ್ಯಾಟರಿ ನಕಲಿ. ಇದನ್ನು ಕ್ಯಾಮೆರಾನೇ ಹೇಳುತ್ತೆ: ನಿಕಾನ್ ಮೆನುವಿನ ಬ್ಯಾಟರಿ ಇನ್ಫೋದಲ್ಲಿ ಹೊಸ ಬ್ಯಾಟರಿಯ ವಯಸ್ಸು 0 ಅಂತ ತೋರಿಸಬೇಕು (4 ಬಂದರೆ ಬದಲಾಯಿಸೋ ಕಾಲ). ಕ್ಯಾನನ್‌ನಲ್ಲಿ ರೀಚಾರ್ಜ್ ಪರ್ಫಾರ್ಮೆನ್ಸಿಗೆ ಮೂರು ಹಸಿರು ಚೌಕ ಇರಬೇಕು, ನಕಲಿ ಹಾಕಿದರೆ ಬ್ಯಾಟರಿ ಜೊತೆ ಸಂಪರ್ಕ ಆಗ್ತಿಲ್ಲ ಅಂತ ಗೊಣಗೋದೂ ಉಂಟು. ಜೊತೆಗೆ "ಫ್ರೀ" ಕೊಡುವ ಮೆಮೊರಿ ಕಾರ್ಡಿನಲ್ಲಿ ದಯವಿಟ್ಟು ಯಾರ ಮದುವೇನೂ ತೆಗೀಬೇಡಿ. 128 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 119 ಜಿಬಿ ಆಸುಪಾಸು ತೋರಿಸೋದು ಸರಿಯೇ, ಆದರೆ ನಕಲಿಯೂ ಹಾಗೇ ತೋರಿಸುತ್ತೆ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಕಾರ್ಡ್ ಪರೀಕ್ಷೆಯ ಪ್ರೋಗ್ರಾಂ ಹಾಕಿ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿ. ಒಳಗೆ 16 ಜಿಬಿಯೇ ಇದ್ದರೆ ಆಗ ಬಣ್ಣ ಬಯಲಾಗುತ್ತೆ.

ಪಾರ್ಸೆಲ್ ಬಿಚ್ಚುವಾಗ ಕೊರಿಯರ್ ಲೇಬಲ್ಲಿನಿಂದ ಶುರು ಮಾಡಿ, ಎಲ್ಲೂ ಕಟ್ ಮಾಡದೆ ಒಂದೇ ವಿಡಿಯೋ ತೆಗೀರಿ. ಬಾಡಿಯ ತಳದಲ್ಲೋ ಸ್ಕ್ರೀನಿನ ಹಿಂದೋ ಇರುವ ಸೀರಿಯಲ್ ನಂಬರ್, ಪೆಟ್ಟಿಗೆಯದ್ದು, ಬಿಲ್ಲಿನದ್ದು, ಮೂರೂ ಒಂದೇ ಇರಬೇಕು. ಆಮೇಲೆ ಹಾಟ್ ಶೂ, ಅಂದ್ರೆ ತಲೆ ಮೇಲೆ ಫ್ಲಾಶ್ ಸಿಕ್ಕಿಸುವ ಜಾಗ ನೋಡಿ. ಅಲ್ಲಿನ ಬಣ್ಣ ಉಜ್ಜಿದ್ದರೆ ಯಾರೋ ಫ್ಲಾಶ್ ಹಾಕಿ ದುಡಿಸಿದ್ದಾರೆ. ಮೌಂಟಿನ ಸ್ಕ್ರೂ ತಲೆ ಗೀಚಿದ್ದರೆ ಬಿಚ್ಚಿದ್ದಾರೆ. ಮೊದಲ ಫೋಟೋ ತೆಗೆದು, ಫೋಟೋದೊಳಗಿನ ಮಾಹಿತಿ ಓದುವ ಪ್ರೋಗ್ರಾಂ ಎಕ್ಸಿಫ್‌ಟೂಲ್‌ನಲ್ಲಿ ಹಾಕಿ, ನಿಕಾನ್ ಆದರೆ ಶಟರ್ ಕೌಂಟ್ (ಇಲ್ಲಿವರೆಗೆ ತೆಗೆದ ಫೋಟೋಗಳ ಲೆಕ್ಕ) ನೇರವಾಗಿ ಬರುತ್ತೆ. ಹೊಸದು ಅಂತ ಮಾರಿದ್ದರಲ್ಲಿ ನಾಲ್ಕಂಕಿ ಬಂದರೆ ಮುಂದೆ ಹೇಳೋದೇನೂ ಇಲ್ಲ. ಎಫ್/16ರಲ್ಲಿ ಫೋಕಸ್ ತಪ್ಪಿಸಿ ಬಿಳಿ ಗೋಡೆ ತೆಗೆದರೆ ಸೆನ್ಸರಿನ ಧೂಳು ಕಾಣುತ್ತೆ. ಮೆಕ್ಯಾನಿಕಲ್ ಶಟರಿನ ಗರಿಷ್ಠ ವೇಗದಲ್ಲಿ ಅದೇ ಗೋಡೆ ತೆಗೀರಿ, ಒಂದು ಬದಿ ಕಪ್ಪಾದರೆ ಶಟರ್ ಪರದೆ ಸರಿ ಓಡ್ತಿಲ್ಲ. ಎರಡೂ ಕಾರ್ಡ್ ಸ್ಲಾಟ್‌ಗಳಲ್ಲಿ ಬರೆಸಿ ನೋಡಿ. ಎಲ್ಲರೂ ಮರೆಯೋದು ಎರಡನೇ ಸ್ಲಾಟನ್ನೇ.

ಇಷ್ಟೆಲ್ಲ ಮಾಡಿ ದೋಷ ಸಿಕ್ಕಿತು ಅಂತಿಟ್ಟುಕೊಳ್ಳಿ. ಮತ್ತೆ ಅದೇ ಪ್ರಶ್ನೆ: ಬಿಲ್ ಎಲ್ಲಿ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥವರಿಗೆ ಚೆನ್ನಾಗೇ ಇದೆ. ಮಾರಿದವನು ದಿಲ್ಲಿಯಲ್ಲಿದ್ದರೂ ನೀವಿರುವ ಮೈಸೂರಿನಲ್ಲೋ ಮಂಡ್ಯದಲ್ಲೋ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕ್ಯಾಮೆರಾ ಕೊಂಡವನೂ ಗ್ರಾಹಕನೇ ಅಂತ ಕಾಯ್ದೆ ಹೇಳುತ್ತೆ. 2020ರ ಇ-ಕಾಮರ್ಸ್ ನಿಯಮದಂತೆ ಜಾಲತಾಣದ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಆದರೆ ವಾಟ್ಸಾಪಿನಲ್ಲಿ "ಓಕೆ ಅಣ್ಣ, ಕಳಿಸ್ದೆ" ಅನ್ನೋದು ಮತ್ತು ಯಾರದೋ ಅತ್ತಿಗೆ ಹೆಸರಿನ ಯುಪಿಐಗೆ ಹೋದ ದುಡ್ಡು, ಇವೆರಡನ್ನೇ ಹಿಡ್ಕೊಂಡು ಆಯೋಗದ ಮುಂದೆ ಏನು ಸಾಬೀತು ಮಾಡ್ತೀರಿ?

ಕೊಡುವ ಬಿಲ್ಲೂ ಬಿಲ್ಲೇ ಆಗಿರಬೇಕು. "ಎಸ್ಟಿಮೇಟ್" ಅಂತ ಮೇಲೆ ಬರೆದ ಗುಲಾಬಿ ಚೀಟಿ ಬಿಲ್ ಅಲ್ಲ. ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿಗಳದ್ದು, ಮೊದಲೆರಡು ರಾಜ್ಯದ ಅಂಕಿ: ಕರ್ನಾಟಕ 29, ಮಹಾರಾಷ್ಟ್ರ 27, ದಿಲ್ಲಿ 07. ಮುಂದಿನ ಹತ್ತು ಮಾಲೀಕರ ಪ್ಯಾನ್. ಬೆಂಗಳೂರಿನ ಅಂಗಡಿ ಅಂತ ಹೇಳಿ 07ರಿಂದ ಶುರುವಾಗೋ ನಂಬರ್ ಕೊಟ್ಟರೆ ಯಾಕೆ ಅಂತ ಕೇಳಿ. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೇ ಹುಡುಕಬಹುದು, ನೋಂದಣಿ ಚಾಲ್ತಿಯಲ್ಲಿದೆಯಾ ರದ್ದಾಗಿದೆಯಾ ಅಂತ ತೋರಿಸುತ್ತೆ. ಎರಡು ನಿಮಿಷದ ಕೆಲಸ, ಗ್ರೂಪಿನಲ್ಲಿ ಹೆಬ್ಬೆರಳು ಒತ್ತೋಕಿಂತ ಸ್ವಲ್ಪ ಜಾಸ್ತಿ.

ಇನ್‌ಸ್ಟಾಗ್ರಾಮಿನ "ಕಸ್ಟಮ್ಸ್‌ನವರು ಹಿಡಿದ ಮಾಲು, ಅರ್ಧ ಬೆಲೆ" ಗಿರಾಕಿಗಳು ಗ್ರೇ ಕೂಡ ಅಲ್ಲ, ಬರೀ ಕಳ್ಳರು. ಅಲ್ಲಿ ಕ್ಯಾಮೆರಾನೇ ಇರಲ್ಲ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸಂಜೆ ನೋಡೋಣ ಅಂದ್ರೆ ಅಷ್ಟರಲ್ಲಿ ಅದು ನಾಲ್ಕು ಖಾತೆ ದಾಟಿರುತ್ತೆ.

"ಇಲ್ಲಿ ರೇಟ್ ಜಾಸ್ತಿ ಸಾರ್, ಬಡ ಫೋಟೋಗ್ರಾಫರ್ ಏನು ಮಾಡ್ಬೇಕು?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ರೇಟ್ ಜಾಸ್ತಿ ಇರೋದು ನಿಜ. ಕೆಲವು ಮಾಡೆಲ್‌ಗಳು ಇಲ್ಲಿ ತಿಂಗಳುಗಟ್ಟಲೆ ಸಿಗಲ್ಲ ಅನ್ನೋದೂ ನಿಜ, ಫ್ಯೂಜಿ ಎಕ್ಸ್100 ಸಿಕ್ಸ್‌ಗೆ ಕಾದವರನ್ನು ಕೇಳಿ. ಹೊಸ ಬಾಡಿ ಕಂಡ್ರೆ ನನ್ನ ಬಾಯಲ್ಲೂ ನೀರು ಬರುತ್ತೆ, ಸುಳ್ಳು ಯಾಕೆ. ಆದರೆ ರಿಪೇರಿಗೆ ಅರವತ್ತು ಸಾವಿರ ತೆಗೆಯೋಕೆ ಆಗದವನೇ ತಾನೇ ಬಡವ? ವಾರಂಟಿ ಬೇಕಾಗಿರೋದು ಅವನಿಗೇ. ಎರಡು ಬಾಡಿ ಸ್ಪೇರ್ ಇರೋ ದೊಡ್ಡ ಸ್ಟುಡಿಯೋದವನು ಬೇಕಾದರೆ ಜೂಜಾಡಲಿ.

ಡ್ರೋನ್ ವಿಷಯ ಇನ್ನೂ ಚೆನ್ನ. 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೇ ನಿಷೇಧ ಇದೆ, ಸಂಶೋಧನೆ, ರಕ್ಷಣೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆಮೇಲೆ ಬಿಡುಗಡೆಯಾದ, ಚೀನಾದ ಡಿಜೆಐ ಕಂಪನಿಯ ಡ್ರೋನ್ ಮಾಡೆಲ್ಲುಗಳು ನಮ್ಮೂರ ಛತ್ರಗಳ ಮೇಲೆಲ್ಲ ಹಾರ್ತಿವೆ. ಅವುಗಳ ಬಿಲ್ ಕೇಳೋಕೆ ಹೋಗಲ್ಲ, ಸಂಬಂಧ ಕೆಡುತ್ತೆ.

ಬಜೆಟ್ ನಿಜಕ್ಕೂ ಸಾಲದಿದ್ದರೆ ಗ್ರೇ ಹೊಸದಕ್ಕಿಂತ ಇಲ್ಲಿನ ಬಿಲ್ ಇರುವ ಸೆಕೆಂಡ್ ಹ್ಯಾಂಡ್ ಹುಡುಕಿ. ವರ್ಷ ಬಳಸಿದ ಬಾಡಿ, ಮೂಲ ಬಿಲ್ಲು, ಪೆಟ್ಟಿಗೆ, ಉಳಿದಿರುವ ವಾರಂಟಿ, ಎಲ್ಲ ಒಟ್ಟಿಗೆ ಸಿಗುವ ಮಾಲು ಮದುವೆ ಸೀಸನ್ ಮುಗಿದ ಮೇಲೆ ಬಹಳ ಬರುತ್ತೆ. ಉಳಿದ ವಾರಂಟಿ ನಿಮಗೂ ನಡೆಯುತ್ತಾ ಅಂತ ಸರ್ವಿಸ್ ಸೆಂಟರಿನಲ್ಲಿ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಮಾರುವವರ ಜೊತೆ ಹಗಲು ಹೊತ್ತಿನಲ್ಲಿ ಕೂತು ಮೇಲೆ ಹೇಳಿದ ಗೋಡೆ, ಸ್ಲಾಟು, ಹಾಟ್ ಶೂ ಎಲ್ಲ ಪರೀಕ್ಷೆ ಮಾಡಿ. ಬಿಲ್ಲಿನ ಹಿಂದೆ "ಇಂಥವರಿಗೆ ಇಷ್ಟಕ್ಕೆ ಮಾರಿದ್ದೇನೆ" ಅಂತ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿಕೊಳ್ಳಿ. ಸಹಿ ಹಾಕೋಕೆ ಹಿಂದೆಮುಂದೆ ನೋಡಿದರೆ ಕ್ಯಾಮೆರಾ ಅಲ್ಲೇ ಬಿಟ್ಟು ಬನ್ನಿ.