ನಾಲ್ಕೂವರೆಯ ಕುಹೂ

ಬೆಳಗಿನ ಜಾವ ನಾಲ್ಕೂವರೆಗೆ ಕೂಗುವ ಕೋಗಿಲೆಯನ್ನು ಇಂಪು ಅನ್ನುವವರ ಕಿಟಕಿಯ ಪಕ್ಕ ಬಹುಶಃ ಮರ ಇರುವುದಿಲ್ಲ. ನನಗಿದೆ. ಮರದಲ್ಲಿ ಕಾಗೆಗೂಡಿದೆ, ಹಾಗಾಗಿ ಕೋಗಿಲೆಯೂ ಇದೆ. ಮೊದಲ ಕುಹೂ ಮೆತ್ತಗೆ. ಎರಡನೆಯದು ಒಂದು ಮೆಟ್ಟಿಲು ಮೇಲೆ. ಹೀಗೆ ಏರುತ್ತಾ ಏರುತ್ತಾ, ಇನ್ನೇನು ಗಂಟಲು ಹರಿದೇಹೋಯಿತು ಅನ್ನುವಾಗ ತಟ್ಟನೆ ನಿಲ್ಲುತ್ತದೆ. ಸದ್ಯ ಅಂತ ಮಗ್ಗುಲು ಬದಲಿಸಿದರೆ ಮತ್ತೆ ಮೊದಲಿಂದ ಶುರು.

ಈ ಕೋಗಿಲೆ ಇಷ್ಟು ಕೆಡುವುದಕ್ಕೆ ನಮ್ಮ ಮಾವನೇ ಕಾರಣ ಅಂತ ನನ್ನ ಗುಮಾನಿ. ಹೋದ ತಿಂಗಳು ಬಂದು ಆರು ದಿನ ಇದ್ದರು. ಅವರಿಗೆ ಸೀಟಿ ಹೊಡೆಯುವ ಚಟ. ಮೊದಲ ದಿನವೇ ಬಾಯಲ್ಲಿದ್ದ ಬ್ರಷ್ ತೆಗೆದು ಬಾಲ್ಕನಿಯಿಂದ ಒಂದು ಕುಹೂ ಬಿಟ್ಟರು. ಕೋಗಿಲೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಎರಡು ಪಟ್ಟು ಜೋರಾಗಿ ಉತ್ತರ ಕೊಟ್ಟಿತು. ಮಾವನೂ ಬಿಡಲಿಲ್ಲ. "ನೋಡೋ, ನನ್ನ ಜೊತೆ ಮಾತಾಡ್ತಿದೆ!" ಅಂದರು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಾತಲ್ಲ ಮಾವ, ಅದು ಜಗಳ. ಹಾಗೆ ಕೂಗುವುದು ಗಂಡು, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಅದಕ್ಕೆ ಸಿಟ್ಟು. ಕೇಳುವವರು ಯಾರು? ಮೂರನೇ ದಿನ ಅದು ಬಾಲ್ಕನಿಗೆ ತಾಗುವ ಕೊಂಬೆಗೇ ಬಂದು ಕೂತು, ಕೆಂಪು ಕಣ್ಣು ಬಿಟ್ಟುಕೊಂಡು ಎದುರಾಳಿಯನ್ನು ಹುಡುಕಿತು. ಕಂಡದ್ದು ಬನಿಯನ್ ಹಾಕಿಕೊಂಡ ಮಾವ. ಆರನೇ ದಿನ ಮಾವ ಹೊರಟರು. ಕೋಗಿಲೆ ಮಾತ್ರ ಯುದ್ಧ ಮುಗಿದ ಸುದ್ದಿ ಗೊತ್ತಿಲ್ಲದ ಸಿಪಾಯಿಯ ಹಾಗೆ ಇಲ್ಲೇ ಉಳಿಯಿತು.

ನನಗೆ ಸಿಟ್ಟು ಬರುವುದು ಹೊಗಳಿಕೆ ಪೂರ್ತಿ ಈ ಗಂಡಿಗೇ ಹೋಗುತ್ತದೆ ಅಂತ. ಹೆಣ್ಣಿಗೆ ಮೈತುಂಬ ಕಂದು ಬಣ್ಣ, ಬಿಳಿ ಚುಕ್ಕಿ, ಬಾಯಿ ಬಿಟ್ಟರೆ ಕಿಕ್-ಕಿಕ್-ಕಿಕ್. ಅದನ್ನು ಯಾರೂ ಹಾಡು ಅನ್ನುವುದಿಲ್ಲ. ಆದರೆ ಕಾಗೆಯ ಕಣ್ಣು ತಪ್ಪಿಸಿ ಗೂಡಿಗೆ ನುಗ್ಗಿ ಮೊಟ್ಟೆ ಇಟ್ಟು ಬರುವ ಕೆಲಸ ಅದರದೇ ಅಲ್ವಾ?

ಯುರೋಪಿನ ಕುಕ್ಕೂ ಇದಕ್ಕೆ ದೂರದ ನೆಂಟ. ಅದರ ಹೆಣ್ಣು ಜೊಂಡಿನ ಪುಟ್ಟ ಉಲಿಯಕ್ಕಿಯ ಗೂಡಲ್ಲಿ ಸುಮಾರು ಹತ್ತು ಸೆಕೆಂಡಿನಲ್ಲಿ ಮೊಟ್ಟೆ ಇಟ್ಟು ಮುಗಿಸುತ್ತದೆ. ಕಳ್ಳತನ ಮಾಡಿದವರು ಸದ್ದಿಲ್ಲದೆ ಜಾಗ ಖಾಲಿ ಮಾಡಬೇಕು ತಾನೇ? ಇದು ಹೋಗುವಾಗ ಗುಳುಗುಳು ಅಂತ ನಕ್ಕು ಹೋಗುತ್ತದೆ. ಕೇಂಬ್ರಿಡ್ಜಿನ ಹಕ್ಕಿ ಸಂಶೋಧಕರಾದ ಜೆನ್ನಿ ಯಾರ್ಕ್ ಮತ್ತು ನಿಕ್ ಡೇವಿಸ್ 2017ರಲ್ಲಿ ಈ ನಗುವಿನ ಗುಟ್ಟು ಬಿಡಿಸಿದರು. ಅದು ಗಿಡುಗದ ಕೂಗಿನ ಹಾಗೆ ಕೇಳಿಸುತ್ತದಂತೆ. ಉಲಿಯಕ್ಕಿಗೆ ಜೀವಭಯ. ಸುತ್ತಮುತ್ತ ಆಕಾಶ ನೋಡುವುದರಲ್ಲೇ ಮುಳುಗಿ, ಗೂಡಿನಲ್ಲಿರುವ ಪರಕೀಯ ಮೊಟ್ಟೆಯನ್ನು ಹೊರಹಾಕುವುದು ಕಡಿಮೆಯಾಗುತ್ತದೆ. ಗಂಡು ಕುಕ್ಕೂ ಎಷ್ಟು ಕೂಗಿದರೂ ಅದು ಪಾರಿವಾಳ ಕೂಗಿದಷ್ಟೇ ಲೆಕ್ಕ, ತಲೆಯೇ ಕೆಡಿಸಿಕೊಳ್ಳುವುದಿಲ್ಲ. ತಮಾಷೆ ಏನೆಂದರೆ, ಹೆಣ್ಣಿನ ಅದೇ ಗುಳುಗುಳು ಕೇಳಿದ ಗಂಡು ಕುಕ್ಕೂಗಳು ಮಾತ್ರ ಎದ್ದೆನೋ ಬಿದ್ದೆನೋ ಅಂತ ಹಾರಿ ಬರುತ್ತವೆ.

ಇಷ್ಟು ಓದಿಕೊಂಡ ಮೇಲೆ ದೊಡ್ಡದೇನೋ ಹೊಳೆಯುತ್ತದೆ ಅಂತ ಕಾದೆ. ಮೊನ್ನೆ ಎಲೆಗಳ ಮರೆಯಿಂದ ಕಿಕ್-ಕಿಕ್ ಕೇಳಿತು, ಗಂಡು ಬಾಯಿ ಮುಚ್ಚಿಕೊಂಡು ಅತ್ತ ಹಾರಿತು. ಏನು ನೆಮ್ಮದಿ! ಅಷ್ಟರಲ್ಲಿ ಮಾವನ ಫೋನ್. "ನನ್ನ ಗೆಳೆಯ ಹೇಗಿದ್ದಾನೋ?" "ಹೋದ, ಮಾವ" ಅಂದೆ. ನಂಬಲಿಲ್ಲ. "ಸ್ಪೀಕರ್ ಹಾಕು" ಅಂದರು. ಸುಮ್ನೆ ಹಾಕಿದೆ. ಆ ಕಡೆಯಿಂದ ಒಂದು ಉದ್ದನೆಯ ಕುಹೂ ಬಂತು.

ಮರದಿಂದ ಉತ್ತರ ಬಂತು.