ಪರ-ವಿರೋಧ: ಭಾಷೆಯ ಬದಲಾವಣೆಗೆ ಡಾರ್ವಿನ್ ಲೆಕ್ಕ ಹೊಂದುತ್ತದಾ?

ಪರ: ಹೊಂದುತ್ತದೆ, ಶಾಸನ ಓದಿ ನೋಡಿ

ಪಂಪ 941ರಲ್ಲಿ ಬರೆಯುವಾಗ ಹುಲಿ ಇನ್ನೂ ಪುಲಿ. ಹಾಲು ಪಾಲು, ಹೂವು ಪೂ. ಅಲ್ಲಿಂದ ಸುಮಾರು ಐನೂರು ವರ್ಷ ದಾಟಿ ಕುಮಾರವ್ಯಾಸನ ಹತ್ತಿರ ಬನ್ನಿ, ಹಾಲು ಹಾಲೇ ಆಗಿದೆ. ನಡುವೆ ಯಾವ ರಾಜನೂ ಆಜ್ಞೆ ಹೊರಡಿಸಿರಲಿಲ್ಲ. ಪಂಡಿತರು ಸಭೆ ಸೇರಿ ತೀರ್ಮಾನಿಸಲಿಲ್ಲ. ಆ ಕಾಲದ ಶಾಸನಗಳಲ್ಲಿ ಪಕಾರ, ಹಕಾರ ಎರಡೂ ಅಕ್ಕಪಕ್ಕ ಕಾಣುತ್ತವೆ. ಆಮೇಲೆ ಒಂದು ಹರಡಿತು, ಇನ್ನೊಂದು ಕರಗಿತು.

ಜೀವವಿಕಾಸದ ಡಾರ್ವಿನ್ ಲೆಕ್ಕಕ್ಕೆ ಇಷ್ಟೇ ಬೇಕಾದದ್ದು. ನಕಲಾಗಬೇಕು, ನಕಲಿನಲ್ಲಿ ವ್ಯತ್ಯಾಸ ಬರಬೇಕು, ಕೆಲವು ವ್ಯತ್ಯಾಸಗಳು ಉಳಿದವಕ್ಕಿಂತ ಜಾಸ್ತಿ ನಕಲಾಗಬೇಕು. ಮಗು ಅಮ್ಮನ ಬಾಯಿಂದ ಮಾತು ಹಿಡಿಯುವಾಗ ಇದೆಲ್ಲ ನಡೆದೇ ನಡೆಯುತ್ತದೆ. ಜೀನ್ ಇರಲೇಬೇಕು ಅಂತ ಯಾರು ಹೇಳಿದ್ದು? ಡಾರ್ವಿನ್‌ಗೆ ಜೀನ್ ಅಂದರೇನು ಅಂತಲೇ ಗೊತ್ತಿರಲಿಲ್ಲ!

ಹಾಗಾದರೆ ಪಕಾರಕ್ಕಿಂತ ಹಕಾರ ಮೇಲಾ ಅಂತ ಕೇಳುತ್ತಾರೆ. ಮೇಲೂ ಅಲ್ಲ, ಕೀಳೂ ಅಲ್ಲ. ತೆಲುಗರು ಇವತ್ತಿಗೂ ಪುಲಿ, ಪಾಲು ಅಂದುಕೊಂಡು ಆರಾಮಾಗಿದ್ದಾರೆ. ಜೀವಿಗಳಲ್ಲೂ ಎಷ್ಟೋ ಬದಲಾವಣೆಗಳು ಯಾವ ಲಾಭವೂ ಇಲ್ಲದೆ, ಸುಮ್ನೆ ಅದೃಷ್ಟದಿಂದ ಹರಡುತ್ತವೆ. 'ತಕ್ಕದ್ದೇ ಉಳಿಯುತ್ತದೆ' ಅನ್ನುವ ಮಾತನ್ನು 1864ರಲ್ಲಿ ಹುಟ್ಟಿಸಿದವರು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್. ಡಾರ್ವಿನ್ ಅದನ್ನು ಆಮೇಲೆ ಎತ್ತಿಕೊಂಡರು. ಎತ್ತಿಕೊಳ್ಳದೇ ಇದ್ದಿದ್ದರೆ ನಮಗೆ ಅರ್ಧ ಜಗಳ ತಪ್ಪುತ್ತಿತ್ತು.

ಜೀವಶಾಸ್ತ್ರದಿಂದ ಕದ್ದ ಸರಕು ಅನ್ನುವ ದೂರೂ ಇದೆ. ಇಸವಿ ನೋಡಿ. ಜರ್ಮನಿಯ ಭಾಷಾಶಾಸ್ತ್ರಿ ಆಗಸ್ಟ್ ಶ್ಲೈಖರ್ ಭಾಷಾಕುಟುಂಬದ ಮರದ ಚಿತ್ರ ಪ್ರಕಟಿಸಿದ್ದು 1853ರಲ್ಲಿ. ಡಾರ್ವಿನ್‌ನ ದೊಡ್ಡ ಪುಸ್ತಕ ಬಂದದ್ದು 1859ರಲ್ಲಿ. 1871ರಲ್ಲಿ ಡಾರ್ವಿನ್ ತಾವೇ, ಭಾಷೆ ಹುಟ್ಟುವ ರೀತಿಗೂ ಜೀವಪ್ರಭೇದ ಹುಟ್ಟುವ ರೀತಿಗೂ ವಿಚಿತ್ರ ಹೋಲಿಕೆ ಇದೆ ಅಂದರು. ಯಾರು ಯಾರಿಂದ ಕದ್ದರು?

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಕೇಶಿರಾಜ. 1260ರ ಸುಮಾರಿಗೆ ವ್ಯಾಕರಣ ಬರೆಯಲು ಕೂತು, ಹಳಗನ್ನಡದ ೞಕಾರ ಬರುವ ಪದಗಳನ್ನು ಹುಡುಕಿ ಪಟ್ಟಿ ಮಾಡಿಕೊಟ್ಟ. ಯಾಕೆ? ಜನರ ಬಾಯಲ್ಲಿ ಅದು ಆಗಲೇ ಳಕಾರದ ಜೊತೆ ಬೆರೆಯುತ್ತಿತ್ತು. ಏೞು ಹೋಗಿ ಏಳು ಆಗುತ್ತಿತ್ತು. ಅಂಥ ಪಂಡಿತ ಪಟ್ಟಿ ಹಿಡಿದು ಕೂತರೂ ಅಕ್ಷರ ಉಳಿಯಲಿಲ್ಲ. ತಮಿಳಿನಲ್ಲಿ ಉಳಿದಿದೆ, ನಮ್ಮಲ್ಲಿ ಅಳಿಯಿತು. ಒಂದೇ ಮೂಲ, ಬೇರೆ ಬೇರೆ ದಾರಿ.

2018ರಲ್ಲಿ 20 ದ್ರಾವಿಡ ಭಾಷೆಗಳ ಮೂಲಪದಗಳನ್ನು ಕೂಡಿಸಿ, ಜೀವಿಗಳ ವಂಶವೃಕ್ಷ ಕಟ್ಟುವ ಲೆಕ್ಕದಿಂದಲೇ ಈ ಕುಟುಂಬಕ್ಕೆ ಸುಮಾರು 4,500 ವರ್ಷ ವಯಸ್ಸು ಅಂತ ಸಂಶೋಧಕರ ತಂಡವೊಂದು ಅಂದಾಜು ಮಾಡಿತು. ಆ ತಂಡದಲ್ಲಿ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರೂ ಇದ್ದರು. ಹುಲಿ ಎಣಿಸುವ ಸಂಸ್ಥೆ 'ಹುಲಿ' ಅನ್ನುವ ಮಾತಿನ ಬೇರನ್ನೂ ಹುಡುಕಿದರೆ ತಪ್ಪೇನು?

ಎರವಲು ಪದಗಳು ಈ ಮರವನ್ನು ಕೆಡಿಸುತ್ತವೆ ಅನ್ನುವ ಮಾತು? ಬ್ಯಾಕ್ಟೀರಿಯಾಗಳೂ ಒಂದಕ್ಕೊಂದು ಜೀನ್ ಕೊಟ್ಟು ತೆಗೆದುಕೊಳ್ಳುತ್ತವೆ. ಅದಕ್ಕಾಗಿ ಅಲ್ಲಿ ಯಾರೂ ಡಾರ್ವಿನ್‌ನ ಕೈಬಿಟ್ಟಿಲ್ಲ. 'ಭಾಷೆ ತಾಯಿ, ಅದನ್ನು ಕೊಯ್ದು ನೋಡಬಾರದು' ಅನ್ನುವವರ ಹತ್ತಿರ ವಾದ ಮಾಡುವುದು ಕಷ್ಟ.

ವಿರೋಧ: ಮರ ಸರಿ, ಕೊಡಲಿ ಎಲ್ಲಿ?

ವಿರೋಧ ಬರೆದುಕೊಡಿ ಅಂತ ಕೇಳಿದರು, ಒಪ್ಪಿಕೊಂಡೆ. ಪುಲಿ ಹುಲಿಯಾದ ಕಥೆಗೆ ನನ್ನ ತಕರಾರಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸಹಿ ಹಾಕುತ್ತಿದ್ದೆ.

ಒಂದು ತಾಂತ್ರಿಕ ಮಾತು ಹೇಳಿಬಿಡುತ್ತೇನೆ. ಜೀವಿಗಳ ಮರದಲ್ಲಿ ಬೇರೆಯಾದ ಕೊಂಬೆಗಳು ಸಾಮಾನ್ಯವಾಗಿ ಹಿಂದಕ್ಕೆ ಬಂದು ಕೂಡಿಕೊಳ್ಳುವುದಿಲ್ಲ, ಭಾಷೆಗಳು ಕೂಡಿಕೊಳ್ಳುತ್ತವೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ತಲೆತಲಾಂತರದಿಂದ ಒಟ್ಟಿಗಿವೆ. ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಈ ಊರಿನ ಬಗ್ಗೆ ಬರೆದರು. ಅಲ್ಲಿ ಒಂದು ಭಾಷೆಯ ವಾಕ್ಯದಲ್ಲಿ ಪದಕ್ಕೆ ಪದ ಬದಲಿಸಿದರೆ ಸಾಕು, ಇನ್ನೊಂದು ಭಾಷೆಯ ವಾಕ್ಯವಾಗುವಷ್ಟು ವ್ಯಾಕರಣ ಒಂದಾಗಿದೆ. ದ್ರಾವಿಡ ಕೊಂಬೆ ಯಾವುದು, ಆರ್ಯ ಕೊಂಬೆ ಯಾವುದು? ಅರ್ಜಿ, ತಾಲ್ಲೂಕು ಅರಬ್ಬಿಯಿಂದ ಬಂದವು, ಚಾವಿ ಪೋರ್ಚುಗೀಸರಿಂದ. ಇವನ್ನೆಲ್ಲ ಬದಿಗಿಟ್ಟು ಮೂಲಪದಗಳನ್ನಷ್ಟೇ ಆರಿಸಿದರೆ ಮರ ಬಾರದೆ ಇನ್ನೇನು ಬರುತ್ತದೆ?

ಇರಲಿ. ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮದು ತುಳು ಮನೆ. ನಾನು ಓದಿದ ಶಾಲೆಯಲ್ಲಿ ಒಂದು ಸಣ್ಣ ಮರದ ಹಲಗೆ ಇತ್ತು, ದಾರ ಪೋಣಿಸಿದ್ದು. ತುಳುವಿನಲ್ಲಿ ಮಾತಾಡಿ ಸಿಕ್ಕಿಬಿದ್ದವನ ಕೈಗೆ ಅದು ಬರುತ್ತಿತ್ತು. ಅವನು ಇನ್ನೊಬ್ಬನನ್ನು ಹಿಡಿದು ದಾಟಿಸಬೇಕು. ಸಂಜೆ ಬೆಲ್ ಹೊಡೆದಾಗ ಯಾರ ಹತ್ತಿರ ಇರುತ್ತದೋ ಅವನಿಗೆ ದಂಡ. ಆಟದ ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿದ ಹುಡುಗ 'ಅಪ್ಪೇ' (ತುಳುವಿನಲ್ಲಿ ಅಮ್ಮಾ) ಅಂದಿದ್ದಕ್ಕೆ ಹಲಗೆ ಕೊಟ್ಟದ್ದು ನೋಡಿದ್ದೇನೆ. ಕೊಟ್ಟವನು ಅವನ ಅಣ್ಣನೇ. ನಾವೆಲ್ಲ ಬೇಗ ಕಲಿತೆವು, ಏನು ಕಲಿತೆವು ಅಂದರೆ ಸುಮ್ಮನಿರುವುದನ್ನು. ಈಗ ನನ್ನ ತಂಗಿಯ ಮಕ್ಕಳಿಗೆ ತುಳು ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಇದನ್ನೂ 'ಕೆಲವು ವ್ಯತ್ಯಾಸಗಳು ಜಾಸ್ತಿ ನಕಲಾಗುತ್ತವೆ' ಅಂತ ಬರೆದುಕೊಳ್ಳಬೇಕಾ?

ಪರ ಬರೆದವರಿಗೆ ಭಾಷೆ ಗಾಜಿನ ತಟ್ಟೆಯಲ್ಲಿ ಬೆಳೆಯುವ ಬೂಷ್ಟು. ಹರಡಿತು, ಕರಗಿತು ಅಂತ ಬರೆಯುತ್ತಾರೆ. ಯಾರು ಕರಗಿಸಿದರು ಅಂತ ಬರೆಯುವುದಿಲ್ಲ. ಯುನೆಸ್ಕೋ ತಯಾರಿಸಿದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ತುಳುವೂ ಇದೆ, ಕೊಡವ ತಕ್ಕೂ ಇದೆ. 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಅಂದವರು 18 ಲಕ್ಷಕ್ಕೂ ಜಾಸ್ತಿ, ಸಂಸ್ಕೃತ ಅಂದವರು ಸುಮಾರು 25 ಸಾವಿರ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಸಂಸ್ಕೃತ ಇದೆ, ತುಳು ಇಲ್ಲ. ಇದು ಯಾವ ಪ್ರಕೃತಿ ಮಾಡಿದ ಆಯ್ಕೆ ಅಂತ ವಂಶವೃಕ್ಷ ಬರೆಯುವವರೇ ಹೇಳಲಿ.