ಲೈಸೆನ್ಸಿನಲ್ಲಿ ಹಗ್ಗ ಇಲ್ಲ

“ಅಮೆರಿಕದ ಸರಕಾರ ಹಿಡಿದಿಟ್ಟ ಕುದುರೆಗಳನ್ನು ವಾಪಸು ಕೊಡುತ್ತದಂತೆ” ಎಂದೆ. ಅಪ್ಪಚ್ಚಿ ಅಡಿಕೆ ಸುಲಿಯುವ ಕತ್ತಿಯಿಂದ ಕಣ್ಣು ತೆಗೆಯದೆ, “ಯಾವ ಕುದುರೆ ಮಾಣೀ, ರೇಸಿನದೋ?” ಎಂದು ಕೇಳಿದರು. ಕೋವಿಯ ಕುದುರೆ, ಬೆರಳಲ್ಲಿ ಒತ್ತುವ ಟ್ರಿಗರ್ ಎಂದಾಗ ಕತ್ತಿ ನಿಂತಿತು. ಕೋವಿಯ ವಿಷಯದಲ್ಲಿ ಅಪ್ಪಚ್ಚಿ ನೊಂದ ಜೀವ.

2025ರ ಮೇ ತಿಂಗಳಲ್ಲಿ ಅಲ್ಲಿನ ಸರಕಾರವೂ ಆ ಕುದುರೆ ಮಾಡುವ ಕಂಪನಿಯೂ ಕೋರ್ಟಿನ ಜಗಳ ಬಿಟ್ಟು ರಾಜಿಯಾದವು; ಹಿಡಿದಿಟ್ಟ ಕುದುರೆಗಳನ್ನು ವಾಪಸು ಕೊಡುವ ಮಾತು ಬಂದದ್ದು ಅದರಲ್ಲೇ. ನನಗೆ ಅದನ್ನು ಮತ್ತೆ ನೆನಪಿಸಿದ್ದು ಟೆಕ್ಸಾಸಿನಲ್ಲಿರುವ ಭಾವನ ಮಗ. ಅವನಿಗೆ ಅಲ್ಲಿ ಗಿರಾಕಿ ಸಿಗದ ಸುದ್ದಿಗಳೆಲ್ಲ ನಮ್ಮ ಕುಟುಂಬದ ವಾಟ್ಸಾಪಿಗೆ ಬಂದು ಬೀಳುತ್ತವೆ. ಅರೆ ಸ್ವಯಂಚಾಲಿತ ರೈಫಲಿಗೆ ಜೋಡಿಸುವ ಒಂದು ಹೊಸ ಬಗೆಯ ಕುದುರೆ. ಪ್ರತಿ ಈಡಿಗೂ ಯಂತ್ರವೇ ಅದನ್ನು ಮುಂದಕ್ಕೆ ದಬ್ಬುತ್ತದೆ, ಬೆರಳು ಒತ್ತಿಕೊಂಡೇ ಇರುತ್ತದೆ, ಗುಂಡು ಹಾರುತ್ತಲೇ ಇರುತ್ತದೆ. ಇದು ಮೆಷಿನ್ ಗನ್ ಎಂದು ಸರಕಾರ ವರ್ಷಗಟ್ಟಲೆ ಕೋರ್ಟಿನಲ್ಲಿ ವಾದಿಸಿತು. ಆಮೇಲೆ ಸರಕಾರ ಬದಲಾಯಿತು, ಆ ವಾದವನ್ನೇ ಕೈಬಿಟ್ಟಿತು. ಕುದುರೆ ಅದೇ, ಸವಾರ ಬೇರೆ.

ಎಲ್ಲದರ ಬೇರು 1934ರ ಕಾಯ್ದೆಯ ಒಂದು ಸಾಲು: ಕುದುರೆಯ ಒಂದೇ ಕ್ರಿಯೆಗೆ ತಾನಾಗಿ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮೆಷಿನ್ ಗನ್. ಆ ಒಂದು ಸಾಲಿಗೆ ತೊಂಬತ್ತು ವರ್ಷಗಳಿಂದ ಭಾಷ್ಯ, ಟೀಕೆ, ಟಿಪ್ಪಣಿ ನಡೆದಿದೆ. ನಮ್ಮ ಶಾಸ್ತ್ರಿಗಳು ಗ್ರಹಣದ ಸ್ಪರ್ಶಕಾಲಕ್ಕೂ ಇಷ್ಟು ಜಗಳವಾಡಿರಲಾರರು. ಈ ಭಾಷ್ಯಪರಂಪರೆಯ ಮುಕುಟಮಣಿ ಎಂದರೆ ಷೂ ದಾರದ ಪ್ರಕರಣ. 2004ರಲ್ಲಿ ಅಲ್ಲಿನ ಆಯುಧ ಇಲಾಖೆ, ಎರಡೂ ತುದಿಗೆ ಕುಣಿಕೆ ಹಾಕಿದ ಹದಿನಾಲ್ಕು ಇಂಚಿನ ಷೂ ದಾರವೇ ಒಂದು ಮೆಷಿನ್ ಗನ್ ಎಂದು ಸರಕಾರಿ ಕಾಗದದ ಮೇಲೆ ಬರೆದುಕೊಟ್ಟಿತು. ಮೂರು ವರ್ಷ ಕೂಲಂಕಷವಾಗಿ ಯೋಚಿಸಿ 2007ರಲ್ಲಿ ತಿದ್ದಿಕೊಂಡಿತು: ದಾರ ಒಂಟಿಯಾಗಿದ್ದಾಗ ದಾರ, ರೈಫಲಿಗೆ ಕಟ್ಟಿ ಗುಂಡಿನ ಮಳೆ ಸುರಿಸಿದಾಗ ಮಾತ್ರ ಮೆಷಿನ್ ಗನ್. ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ಕೇಳುತ್ತಲೇ ಬೆಳೆದವರು ನಾವು. ದಾರದಲ್ಲಿ ಮೆಷಿನ್ ಗನ್ನು ಕಂಡವರ ಮುಂದೆ ನಮ್ಮ ವೇದಾಂತಿಗಳು ಬಾಲಪಾಠದ ಮಕ್ಕಳು.

ಇದನ್ನು ಕೇಳಿ ಅಪ್ಪಚ್ಚಿ ಗಂಭೀರರಾದರು. “ಹಾಗಾದರೆ ನನ್ನದು ಏನಾಯಿತು?”

ಅಪ್ಪಚ್ಚಿಯದು ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ. ಭುಜಕ್ಕೆ ಒರಗಿಸುವ ಮರ ಒಂದು ಮಳೆಗಾಲದಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ದುರಸ್ತಿಗೆ ಲೈಸೆನ್ಸ್ ಇರುವ ಅಂಗಡಿಯನ್ನೇ ಹುಡುಕಿಕೊಂಡು ಹೋಗಬೇಕು. ಅಪ್ಪಚ್ಚಿ ಬಾಳೆಗೊನೆಗೆ ಊರೆ ಕೊಡುವ ನೀಲಿ ನೈಲಾನ್ ಹಗ್ಗವನ್ನು ಅದಕ್ಕೆ ಒಂಬತ್ತು ಸುತ್ತು ಸುತ್ತಿ, ಗಂಟಿನ ತುದಿಯನ್ನು ಮೇಣದ ಬತ್ತಿಯಲ್ಲಿ ಸುಟ್ಟು ಅಂಟಿಸಿದ್ದರು. ಚುನಾವಣೆ ಬಂತು, ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂದು ಕರೆ ಬಂತು. ಯಾರ ಕೋವಿ ಬೇಕು, ಯಾರದ್ದು ಬೇಡ ಎಂದು ಒಬ್ಬೊಬ್ಬರದನ್ನೇ ನೋಡಿ ತೀರ್ಮಾನಿಸಲು ಪರಿಶೀಲನಾ ಸಮಿತಿ ಎಂಬುದು ಕಾಗದದ ಮೇಲಿದೆ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕಡೆ ಅದರ ತೀರ್ಮಾನವೂ ಕರೆಯೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಹಳೆಯ ಪಂಚೆಯಲ್ಲಿ ಸುತ್ತಿದ ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಹೋದೆವು. ಠಾಣೆಯ ಸಿಬ್ಬಂದಿ ಲೈಸೆನ್ಸನ್ನೂ ಕೋವಿಯನ್ನೂ ಮೂರು ಸಲ ತಾಳೆ ಹಾಕಿ ಮಲಯಾಳದಲ್ಲಿ ಕೇಳಿದ್ದು ಇಷ್ಟು: ಲೈಸೆನ್ಸಿನಲ್ಲಿ ಹಗ್ಗ ಇಲ್ಲವಲ್ಲ?

ಅಪ್ಪಚ್ಚಿ ಕನ್ನಡದಲ್ಲಿ ಉತ್ತರಿಸಿದರು. ರಶೀದಿ ಮಲಯಾಳದಲ್ಲಿ ಬಂತು. ಅದರಲ್ಲಿ ಕೋವಿ ಒಂದು, ಹಗ್ಗ ಒಂದು ಎಂದು ಬೇರೆ ಬೇರೆ ನಮೂದಾಗಿತ್ತು.

ಈಗ ಆ ನಗೆಯಾಟವನ್ನು ಅಮೆರಿಕದವರ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸಿಬ್ಬಂದಿ ಎಷ್ಟೋ ವಾಸಿ. ಅಲ್ಲಿ ವಿದೇಶಿ ಬಿಡಿಭಾಗಗಳಿಂದ ರೈಫಲ್ ಜೋಡಿಸುವವರಿಗೆ ಇನ್ನೊಂದು ನಿಯಮವಿದೆ. ಇಪ್ಪತ್ತು ಭಾಗಗಳ ಒಂದು ಪಟ್ಟಿ; ಅದರಲ್ಲಿ ಹತ್ತಕ್ಕಿಂತ ಹೆಚ್ಚು ಆಮದಿನವು ಇದ್ದರೆ ಅಪರಾಧ. ಹನ್ನೊಂದನೆಯದನ್ನು ಬಿಚ್ಚಿ ಸ್ವದೇಶಿ ತುಂಡು ಹಾಕಿದಿರೋ, ಅದೇ ರೈಫಲ್ ಸಜ್ಜನ. ಗುಂಡು ತಗುಲಿದವನಿಗೆ ಏನು ವ್ಯತ್ಯಾಸ ಎಂದು ಕೇಳಬೇಡಿ. ನನಗಂತೂ ಈ ನಿಯಮ ಓದಿದಾಗ ಭಯವಾದದ್ದು ಕೋವಿಯ ಬಗ್ಗೆ ಅಲ್ಲ, ನಮ್ಮ ಬಗ್ಗೆ. ಕಾಸರಗೋಡಿನ ಕನ್ನಡಿಗನನ್ನು ಯಾರಾದರೂ ಬಿಚ್ಚಿ ಎಣಿಸಿದರೆ? ಓದುವ ಪತ್ರಿಕೆ ಮಂಗಳೂರಿನದು, ಎದೆ ನೋವಿಗೆ ಆಸ್ಪತ್ರೆ ಮಂಗಳೂರಿನದು, ಅಡಿಕೆಯ ದರ ಮಂಗಳೂರಿನದು, ಮದುವೆಯ ಸೀರೆ, ಮಗನ ಕಾಲೇಜು, ಯಕ್ಷಗಾನದ ಚಿಕ್ಕಮೇಳದ ಹುಚ್ಚು ಎಲ್ಲವೂ ಆಚೆಯದು. ಈಚೆಯದೆಂದರೆ ರೇಷನ್ ಕಾರ್ಡು, ಕರೆಂಟು ಬಿಲ್ಲು ಮತ್ತು ಅರ್ಥವಾಗದ ನೋಟೀಸು. ಕಾಸರಗೋಡು ಕೇರಳದ ಪಾಲಾದ 1956ರ ನವೆಂಬರ್ 1ರಿಂದ ನಾವು ಹತ್ತಕ್ಕಿಂತ ಹೆಚ್ಚು ಆಮದು ಭಾಗಗಳೊಂದಿಗೆ ಓಡಾಡುತ್ತಿದ್ದೇವೆ. ಸದ್ಯ, ಯಾರೂ ಎಣಿಸಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಮತ್ತೂ ಸೂಕ್ಷ್ಮ. ಅಲ್ಲಿ ವಿಚಾರ ಹೆಬ್ಬೆರಳಿನದು. ಹಿಡಿಯನ್ನು ಪಿಸ್ತೂಲಿನ ಹಾಗೆ ಹೆಬ್ಬೆರಳು ಬಳಸಿ ಹಿಡಿಯುವಂತಿದ್ದರೆ ಕೆಲವು ರೈಫಲುಗಳು ನಿಷೇಧಿತ ಪಟ್ಟಿಗೆ ಸೇರುತ್ತವೆ. ಆದ್ದರಿಂದ ಜನ ಹಿಡಿಗೆ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ ಹೆಬ್ಬೆರಳನ್ನು ಈಚೆಯೇ ನಿಲ್ಲಿಸುತ್ತಾರೆ. ಶಾಸನ ಗೆದ್ದಿತು, ಗುಂಡೂ ಹಾರಿತು. ಹೆಬ್ಬೆರಳು ಕೇಳಿದ ದ್ರೋಣರು ಕಡಿಸಿಯಾದರೂ ಕೇಳಿದರು. ಇವರು ಪಕ್ಕಕ್ಕೆ ಸರಿಸಿಕೋ ಎಂದರು, ಅಷ್ಟೆ.

ನಗುತ್ತಲೇ ಬರೆಯೋಣ ಎಂದು ಕುಳಿತವನು ನಾನು. ಆದರೆ 2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್ಸಿನ ಹೋಟೆಲೊಂದರ 32ನೆಯ ಮಹಡಿಯಿಂದ ಒಬ್ಬ ಮನುಷ್ಯ ಹತ್ತು ಹನ್ನೊಂದು ನಿಮಿಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಗುಂಡು ಹಾರಿಸಿದ. ಹಾಡು ಕೇಳಲು ಬಂದಿದ್ದವರಲ್ಲಿ ಅರವತ್ತು ಮಂದಿ ಸತ್ತರು. ರೈಫಲನ್ನು ಹಿಂದೆ ಮುಂದೆ ಜಾರಿಸಿ ಕುದುರೆಯನ್ನು ಬೆರಳಿಗೆ ತಾಗಿಸುವ ‘ಬಂಪ್ ಸ್ಟಾಕ್’ ಎಂಬ ಮರದ ಹಿಡಿಯಂಥ ಪ್ಲಾಸ್ಟಿಕ್ ಸಾಮಾನು ಅವನ ಬಳಿಯಿತ್ತು. ಟ್ರಂಪ್ ಸರಕಾರವೇ ಅದನ್ನು ನಿಷೇಧಿಸಿತು. 2024ರ ಜೂನ್ 14ರಂದು ಅಲ್ಲಿನ ಸುಪ್ರೀಂ ಕೋರ್ಟು ಆರು ಮೂರರ ಬಹುಮತದಿಂದ ನಿಷೇಧವನ್ನು ತೆಗೆದುಹಾಕಿತು. ತೀರ್ಪಿನಲ್ಲಿ ಕುದುರೆ ಒಳಗೆ ಹೇಗೆ ಚಲಿಸುತ್ತದೆ ಎಂಬುದಕ್ಕೆ ಚಿತ್ರಗಳಿವೆ. ಕುದುರೆ ಪ್ರತಿ ಸಲ ಹೋಗಿ ಬಂತು, ಆದ್ದರಿಂದ ಪ್ರತಿ ಗುಂಡೂ ಬೇರೆ ಬೇರೆ. ಸಾಯುವವರೂ ಹಾಗೇ ಬೇರೆ ಬೇರೆಯಾಗಿ ಸತ್ತರು ಎಂದು ಬರೆದಿದ್ದರೆ ಪೂರ್ಣವಾಗುತ್ತಿತ್ತು. ಸಂಸತ್ತು ಬೇಕಾದರೆ ಕಾಯ್ದೆಯನ್ನು ತಿದ್ದಲಿ ಎಂದರು ನ್ಯಾಯಮೂರ್ತಿ ಅಲಿಟೊ. ಒಂದು ಸಾಲು ತಿದ್ದಬೇಕು. ತಿದ್ದಿಲ್ಲ. ಆ ಸಾಲಿನ ಬಗ್ಗೆ ಪ್ರಬಂಧ ಬರೆಯಲು ಸಮಯವಿರುವ ದೇಶಕ್ಕೆ ಸಾಲನ್ನು ಬದಲಿಸಲು ಸಮಯವಿಲ್ಲ. ನನಗೆ ಇದರಲ್ಲಿ ಹಾಸ್ಯ ಹುಡುಕಿ ಹುಡುಕಿ ಸಾಕಾಗಿದೆ.

ನಮ್ಮ 1959ರ ಆಯುಧ ಕಾಯ್ದೆ ಕುದುರೆಯ ಅಂತರಂಗಕ್ಕೆ ಇಳಿಯಲಿಲ್ಲ. ಒತ್ತಿ ಹಿಡಿದರೆ, ಬಿಡುವವರೆಗೆ ಅಥವಾ ಗುಂಡು ಮುಗಿಯುವವರೆಗೆ ಹಾರುತ್ತಿದ್ದರೆ ಅದು ನಿಷೇಧಿತ ಆಯುಧ, ಮುಗಿಯಿತು. ಆ ಮಟ್ಟಿಗೆ ಬರೆದವನಿಗೆ ನಮಸ್ಕಾರ. ನಮ್ಮ ತೊಂದರೆ ಬೇರೆ ಕಡೆ ಇದೆ. ತೋಟಕ್ಕೆ ನುಗ್ಗುವ ಹಂದಿಯನ್ನು ಹೊಡೆಯಲು ಆದೇಶ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೇ ಕೊಟ್ಟಿತು. ಹೊಡೆಯಲು ಪಟ್ಟಿಯಲ್ಲಿ ಹೆಸರಿರುವ ಲೈಸೆನ್ಸುದಾರ ಬೇಕು, ಲೈಸೆನ್ಸುದಾರನಿಗೆ ಕೋವಿ ಬೇಕು, ಕೋವಿ ಠಾಣೆಯಲ್ಲಿದೆ. ಮಂಜೇಶ್ವರದವರ ಪಾಡಂತೂ ಕೇಳಲೇಬೇಡಿ: 2019ರಲ್ಲಿ ಏಪ್ರಿಲಿಗೆ ಲೋಕಸಭೆ, ಅಕ್ಟೋಬರಿಗೆ ಉಪಚುನಾವಣೆ. ಹಂದಿಗಳಿಗೆ ಎರಡೆರಡು ದೀಪಾವಳಿ. ಘಟ್ಟದ ಆಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸಿನ ಗೊಡವೆಯೇ ಇಲ್ಲ ಎಂಬುದನ್ನು ಅಪ್ಪಚ್ಚಿ ನನಗೆ ವರ್ಷಕ್ಕೆ ನಾಲ್ಕು ಸಲ ಹೇಳುತ್ತಾರೆ, ನಾನೇ ಗಡಿ ಎಳೆದವನ ಹಾಗೆ.

ಚುನಾವಣೆ ಮುಗಿದು ಕೋವಿ ಬಂತು. ಹಗ್ಗ ಬೇರೆ ಪೊಟ್ಟಣದಲ್ಲಿ ಬಂತು, ಇನ್ನೊಂದು ಸಹಿಯೊಂದಿಗೆ. ಮರದ ಬಿರುಕು ಇನ್ನೂ ಅಗಲವಾಗಿದೆ, ಈಡು ಹಾಕಲು ಅಪ್ಪಚ್ಚಿಗೆ ಧೈರ್ಯವಿಲ್ಲ. ಆ ಹಗ್ಗಕ್ಕೆ ಇನ್ನಷ್ಟು ಹಗ್ಗ ಗಂಟು ಹಾಕಿ ಜಗಲಿಯಿಂದ ತೋಟದ ನಡುವಿನವರೆಗೆ ಎಳೆದು, ತುದಿಗೆ ಸೀಮೆಎಣ್ಣೆಯ ಖಾಲಿ ಡಬ್ಬ ಕಟ್ಟಿದ್ದಾರೆ. ರಾತ್ರಿ ಎಚ್ಚರವಾದಾಗಲೆಲ್ಲ ಒಮ್ಮೆ ಜಗ್ಗುತ್ತಾರೆ. ಒಂದೇ ಜಗ್ಗಿಗೆ ಡಬ್ಬ ನಾಲ್ಕು ಸಲ ಬಡಿಯುತ್ತದೆ. ನಾನು ಎಣಿಸಿದ್ದೇನೆ, ಆದರೆ ಟೆಕ್ಸಾಸಿನವನಿಗೆ ಹೇಳಿಲ್ಲ.